ಬಾರ್ಬೆರಾದ ಹುಳಿ

ಇಟಲಿಯ ವಾಯವ್ಯ ಮೂಲೆಯಲ್ಲಿರುವ ಪಿಯೆಮೊಂತೆ ಪ್ರಾಂತ್ಯದ ಕೆಂಪು ವೈನ್ ಎಂದರೆ ಹೊರಗಿನವರ ಬಾಯಲ್ಲಿ ಮೊದಲು ಬರುವ ಹೆಸರು ಬರೋಲೊ. ಅದನ್ನು ಮಾಡುವುದು ನೆಬ್ಬಿಯೋಲೊ ಎಂಬ ದ್ರಾಕ್ಷಿಯಿಂದ. ಗುಡ್ಡದ ಅತ್ಯುತ್ತಮ ಬಿಸಿಲಿನ ಮಗ್ಗುಲು ಅದಕ್ಕೇ ಮೀಸಲು. ಕೊಯ್ಲಾಗಿ ಮೂರು ವರ್ಷ ದಾಟಿದ ಮೇಲೆಯೇ ಅದು ಅಂಗಡಿಗೆ ಬರುತ್ತದೆ. ಅದೇ ಗುಡ್ಡಸಾಲುಗಳಲ್ಲಿ ಬೆಳೆಯುವ ಇನ್ನೊಂದು ದ್ರಾಕ್ಷಿ ಬಾರ್ಬೆರಾ. ಅಲ್ಲಿನವರು ಹಬ್ಬಕ್ಕೆ ಬರೋಲೊ ತೆಗೆಯಬಹುದು, ಆದರೆ ಬುಧವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ಇರುವುದು ಬಾರ್ಬೆರಾ. ನನಗೆ ವೈನ್ ಎಂದರೇನು ಎಂದು ಗೊತ್ತಾದದ್ದು ಈ ಎರಡನೆಯದರಿಂದ, ಮತ್ತು ಪೂರ್ತಿಯಾಗಿ ಊಟದ ಮೂಲಕ.

2006ರ ಚಳಿಗಾಲದ ಒಲಿಂಪಿಕ್ಸ್ ಟ್ಯೂರಿನ್‌ನಲ್ಲಿ ನಡೆಯಿತು. ಅದು ಮುಗಿದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಕೆಲಸಕ್ಕೆ ಹೋದೆ. ಕಾರಿನ ಬಿಡಿಭಾಗಗಳ ವಿನ್ಯಾಸ ಮಾಡುವ ಸಣ್ಣ ಕಚೇರಿ. ಬೊರ್ಗೊ ಸಾನ್ ಪಾವೊಲೊ ಎಂಬ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಕಾಲದಲ್ಲಿ ಲಾಂಚಿಯಾ ಕಾರಿನ ಕಾರ್ಖಾನೆ ಇದ್ದ, ಕಾರ್ಮಿಕರೇ ತುಂಬಿದ್ದ ಜಾಗ ಅದು. ಮನೆಯೊಡತಿ ವಯಸ್ಸಾದ ವಿಧವೆ. ಗಂಡ ಬದುಕೆಲ್ಲ ಕಾರ್ಖಾನೆಯಲ್ಲಿ ದುಡಿದವರು. ನಾನು ಅವರನ್ನು ಕೊನೆಯವರೆಗೂ ಸಿನ್ಯೋರಾ ಎಂದೇ ಕರೆದೆ. ಬಾಡಿಗೆಗೆ ಸ್ವಲ್ಪ ಹಣ ಸೇರಿಸಿದರೆ ರಾತ್ರಿಯ ಊಟ ಅವರ ಜೊತೆಗೇ ಎಂದು ಮೊದಲ ವಾರವೇ ಮಾತಾಯಿತು. ಆ ಒಪ್ಪಂದಕ್ಕಿಂತ ದೊಡ್ಡ ಲಾಭ ನನಗೆ ಯುರೋಪಿನಲ್ಲಿ ಬೇರೆ ಯಾವುದೂ ಆಗಲಿಲ್ಲ.

ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಪ್ರತಿ ಮನೆಗೂ ನೆಲಮಾಳಿಗೆಯಲ್ಲಿ ಒಂದು ಕೋಣೆ ಇರುತ್ತದೆ. ಸಿನ್ಯೋರಾ ಅವರ ಕೋಣೆಯಲ್ಲಿ ಹಳೆಯ ಸೈಕಲ್, ಟೊಮೆಟೊ ಸಾಸಿನ ಬಾಟಲಿಗಳು, ಮತ್ತು ದಾಮಿಜಾನಾ ಎನ್ನುವ ಹೊಟ್ಟೆ ದಪ್ಪನೆಯ ಗಾಜಿನ ಹೂಜಿಗಳು. ಒಂದೊಂದರಲ್ಲೂ 54 ಲೀಟರ್ ಬಾರ್ಬೆರಾ. ನಿತ್ಸಾ ಮೊನ್‌ಫೆರ್ರಾತೊ ಎಂಬ ಪಟ್ಟಣದ ಹತ್ತಿರ ಅವರ ತಮ್ಮನ ದ್ರಾಕ್ಷಿ ತೋಟ. ವೈನ್ ಅಲ್ಲಿಂದ ಬರುತ್ತಿತ್ತು. ತೋಟದ ನಂಟು ಇಲ್ಲದ ಕಾರ್ಮಿಕರ ಮನೆಗಳೂ ಹೀಗೆಯೇ ಪರಿಚಯದ ರೈತರಿಂದ ಹೂಜಿಗಟ್ಟಲೆ ತರಿಸಿಕೊಂಡು ಮನೆಯಲ್ಲೇ ಬಾಟಲಿಗೆ ತುಂಬಿಕೊಳ್ಳುವುದು ಬಹುಕಾಲದ ರೂಢಿ.

ಮಾರ್ಚ್ ತಿಂಗಳಲ್ಲಿ ಒಂದು ಭಾನುವಾರ ಆ ಕೆಲಸಕ್ಕೆ ನನ್ನನ್ನೂ ಕರೆದರು. ದಿನವನ್ನು ಗೊತ್ತು ಮಾಡಿದ್ದು ಚಂದ್ರನನ್ನು ನೋಡಿ. ಕೃಷ್ಣಪಕ್ಷದಲ್ಲಿ ತುಂಬಿದರೆ ವೈನ್ ಶಾಂತವಾಗಿರುತ್ತದೆ, ಶುಕ್ಲಪಕ್ಷದಲ್ಲಿ ತುಂಬಿದರೆ ಬಾಟಲಿಯೊಳಗೆ ಮತ್ತೆ ನೊರೆಯೇಳುತ್ತದೆ ಎಂಬುದು ಅವರ ನಂಬಿಕೆ. ನೊರೆಯೇಳುವುದೇನೋ ನಿಜ. ಚಳಿಗೆ ಅರ್ಧಕ್ಕೆ ನಿಂತ ಹುದುಗು ವಸಂತದ ಬಿಸಿಗೆ ಮತ್ತೆ ಎಚ್ಚರವಾಗುತ್ತದೆ. ಮೊನ್‌ಫೆರ್ರಾತೊದ ಕೆಲವರು ಬೇಕೆಂದೇ ಹಾಗೆ ಚುರುಗುಟ್ಟುವ ಬಾರ್ಬೆರಾ ಮಾಡಿ ಸಲಾಮಿಯ ಜೊತೆ ಕುಡಿಯುತ್ತಾರೆ. ನಾವು ರಬ್ಬರ್ ಕೊಳವೆಯನ್ನು ಹೂಜಿಗೆ ಇಳಿಬಿಟ್ಟು, ತಳದ ಮಡ್ಡಿ ಕಲಕದಂತೆ ಹಿಡಿದು, ಒಂದೊಂದೇ ಬಾಟಲಿ ತುಂಬಿದೆವು. ಒಂದು ಹೂಜಿಗೆ 72 ಬಾಟಲಿ. ಸಿನ್ಯೋರಾ ಮರದ ಸ್ಟೂಲಿನ ಮೇಲೆ ಕೂತು ಕೈಯಂತ್ರದಿಂದ ಬಿರಡೆ ಹೊಡೆಯುತ್ತಿದ್ದರು. ಬಾಟಲಿಯ ಕತ್ತಿನಲ್ಲಿ ವೈನ್ ಎಲ್ಲಿಯವರೆಗೆ ಬಂದಿದೆ ಎಂದು ಪ್ರತಿಯೊಂದನ್ನೂ ಬಲ್ಬಿಗೆ ಹಿಡಿದು ನೋಡುವರು, ಒಂದು ಬೆರಳು ಹೆಚ್ಚಾದರೂ ವಾಪಸು ಕೊಡುವರು. ಆ ಬೆಳಕಿನಲ್ಲಿ ಅದರ ಬಣ್ಣ ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯದು. ಕೊಳವೆ ಜಾರಿ ನೆಲಕ್ಕೆ ಚೆಲ್ಲಿದಲ್ಲಿ ಸಿಮೆಂಟು ಕೂಡ ಅದೇ ಬಣ್ಣಕ್ಕೆ ತಿರುಗಿತು.

ಊಟವಿಲ್ಲದೆ ಬರಿದೇ ಕುಡಿದರೆ ಬಾರ್ಬೆರಾ ಹುಳಿ ಅನ್ನಿಸುತ್ತದೆ. ಇದನ್ನು ಮುಚ್ಚಿಡುವ ಅಗತ್ಯವೇನಿಲ್ಲ. ನೆಬ್ಬಿಯೋಲೊದಲ್ಲಿ ಹುಳಿಯ ಜೊತೆಗೆ ಬಲವಾದ ಒಗರು ಇದೆ, ನಾಲಿಗೆಯನ್ನು ಒಣಗಿಸಿಬಿಡುತ್ತದೆ. ಬಾರ್ಬೆರಾದಲ್ಲಿ ಒಗರು ತೀರ ಕಡಿಮೆ, ಹುಳಿ ಧಾರಾಳ. ಬೇರೆ ಹೆಚ್ಚಿನ ದ್ರಾಕ್ಷಿಗಳಲ್ಲಿ ಹಣ್ಣು ಮಾಗುತ್ತಾ ಹೋದಂತೆ ಹುಳಿ ಇಳಿದುಹೋಗುತ್ತದೆ. ಬಾರ್ಬೆರಾ ಮಾತ್ರ ಪೂರ್ತಿ ಹಣ್ಣಾಗಿ ಸಕ್ಕರೆ ತುಂಬಿಕೊಂಡ ಮೇಲೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ನಾನು ಕೊಡಗಿನವನು. ನಮ್ಮಲ್ಲಿ ಪಂದಿ ಕರಿ ಬೆಂದು ಕೊಬ್ಬು ಮೇಲೆ ತೇಲುವ ಹೊತ್ತಿಗೆ ಕಾಚಂಪುಳಿ ಬೀಳಲೇಬೇಕು. ಹುಳಿಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಅದನ್ನು ಒಂದೆರಡು ಚಮಚ ಹಾಕಿದರೆ ಸಾಕು, ಮಾಂಸದ ಜಿಡ್ಡು ಬಾಯಲ್ಲಿ ನಿಲ್ಲದೆ ರುಚಿ ಮಾತ್ರ ಉಳಿಯುತ್ತದೆ. ಬಾರ್ಬೆರಾ ಪಿಯೆಮೊಂತೆಯ ಮೇಜಿನ ಮೇಲೆ ಮಾಡುವುದು ಅದೇ ಕೆಲಸವನ್ನು. ವ್ಯತ್ಯಾಸ ಇಷ್ಟೇ, ಹುಳಿ ಅಲ್ಲಿ ಪಾತ್ರೆಯೊಳಗೆ ಬೀಳುವುದಿಲ್ಲ, ಲೋಟದಲ್ಲಿ ಪಕ್ಕಕ್ಕಿರುತ್ತದೆ. ಬೆಣ್ಣೆ, ಗಿಣ್ಣು, ಮೊಟ್ಟೆಯ ಹಳದಿ, ಕರುವಿನ ಮಾಂಸ, ಹಂದಿಯ ಕೊಬ್ಬು ಇವುಗಳ ಮೇಲೆ ನಿಂತ ಅಡುಗೆ ಅದು. ಪ್ರತಿ ತುತ್ತಿನ ನಂತರ ಬಾಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧ ಮಾಡುವ ಏನಾದರೂ ಬೇಕು.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಬಾನ್ಯಾ ಕೌಡಾದ ರಾತ್ರಿಗಳಲ್ಲಿ. ಕೊಯ್ಲು ಮುಗಿದು ಮಂಜು ಕವಿಯಲು ಶುರುವಾದ ಮೇಲೆ, ನವೆಂಬರಿನಿಂದ ಚಳಿಗಾಲದುದ್ದಕ್ಕೂ ಮಾಡುವ ಊಟ. ಬೇಕಾದದ್ದು ಮೂರೇ: ಬೆಳ್ಳುಳ್ಳಿ, ಉಪ್ಪಿನಲ್ಲಿಟ್ಟ ಆಂಚೊವಿ ಮೀನು, ಆಲಿವ್ ಎಣ್ಣೆ. ಬೆಳ್ಳುಳ್ಳಿ ಎಷ್ಟೆಂದರೆ ತಲೆಗೊಂದು ಇಡೀ ಗಡ್ಡೆ. ಸಮುದ್ರವೇ ಇಲ್ಲದ ನಾಡಿನ ಊಟಕ್ಕೆ ಸಮುದ್ರದ ಮೀನು ಆಧಾರ ಆದದ್ದು ಹೇಗೆ ಎಂದು ಕೇಳಿದಾಗ ಸಿನ್ಯೋರಾ ಉಪ್ಪಿನ ದಾರಿಗಳ ಕಥೆ ಹೇಳಿದರು. ಲಿಗೂರಿಯಾದ ಕರಾವಳಿಯಿಂದ ಬೆಟ್ಟ ದಾಟಿ ಹೇಸರಗತ್ತೆಗಳ ಮೇಲೆ ಉಪ್ಪು ಬರುತ್ತಿತ್ತು, ಜೊತೆಗೆ ಮೀನಿನ ಪೀಪಾಯಿ, ಎಣ್ಣೆ. ಆಲ್ಪ್ಸ್‌ನ ಮಾಯಿರಾ ಕಣಿವೆಯ ಗಂಡಸರು ಹೊಲದ ಕೆಲಸ ಮುಗಿಸಿ, ಹಿಮ ಬೀಳುವ ಮುಂಚೆ ಕೈಗಾಡಿ ತಳ್ಳಿಕೊಂಡು ಬಯಲಿಗೆ ಇಳಿದು ಊರೂರಿಗೆ ಆಂಚೊವಿ ಮಾರುತ್ತಿದ್ದರು. ಬಡವರ ಮನೆಗೂ ತಲುಪುತ್ತಿದ್ದ ಮೀನು ಅದು.

ಸಿನ್ಯೋರಾ ಬೆಳ್ಳುಳ್ಳಿಯ ಪ್ರತಿ ಎಸಳನ್ನೂ ಸೀಳಿ ಒಳಗಿನ ಹಸಿರು ಮೊಳಕೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯುತ್ತಿದ್ದರು. ಆಮೇಲೆ ಕಾಗದದಷ್ಟು ತೆಳ್ಳಗೆ ಹೆಚ್ಚಿ, ಮಣ್ಣಿನ ಪಾತ್ರೆಯಲ್ಲಿ ಎಣ್ಣೆ ಹಾಕಿ ಅತಿ ಸಣ್ಣ ಉರಿಯಲ್ಲಿ ಇಡುವರು. ಬೆಳ್ಳುಳ್ಳಿ ಕೆಂಪಾಗಬಾರದು, ಮರದ ಸೌಟಿಗೆ ತಾಗಿದರೆ ಕರಗಬೇಕು. ಮೀನನ್ನು ವೈನಿನಲ್ಲಿ ತೊಳೆದು, ಮುಳ್ಳು ಎಳೆದು ಸೇರಿಸಿದರೆ ಕಣ್ಣೆದುರಿಗೇ ಅದು ಕರಗಿ ಇಲ್ಲವಾಗುತ್ತದೆ. ಅರ್ಧ ಗಂಟೆಯಲ್ಲಿ ಪಾತ್ರೆಯಲ್ಲಿ ಉಳಿಯುವುದು ಬೂದು ಕಂದು ಬಣ್ಣದ, ನೋಡಲು ಏನೂ ಚೆಂದವಿಲ್ಲದ ಗೊಜ್ಜು. ಪ್ರತಿಯೊಬ್ಬರ ಮುಂದೆಯೂ ಕೆಳಗೆ ಮೊಂಬತ್ತಿ ಉರಿಯುವ ಒಂದು ಪುಟ್ಟ ಮಣ್ಣಿನ ಒಲೆಪಾತ್ರೆ ಇಡುತ್ತಾರೆ. ಮೇಜಿನ ನಡುವೆ ತರಕಾರಿಯ ರಾಶಿ: ಹಸಿ ದೊಣ್ಣೆಮೆಣಸಿನಕಾಯಿ, ಸುಟ್ಟು ಸಿಪ್ಪೆ ತೆಗೆದ ದೊಣ್ಣೆಮೆಣಸಿನಕಾಯಿ, ಎಲೆಕೋಸು, ಬೇಯಿಸಿದ ಬೀಟ್‌ರೂಟ್, ಆಲೂಗಡ್ಡೆ, ಒಲೆಯಲ್ಲಿ ಸುಟ್ಟ ಈರುಳ್ಳಿ. ತರಕಾರಿಯನ್ನು ಅದ್ದಿ, ತೊಟ್ಟಿಕ್ಕುವ ಎಣ್ಣೆಗೆ ಕೆಳಗೊಂದು ಬ್ರೆಡ್ ತುಂಡು ಹಿಡಿದು ಬಾಯಿಗೆ ತರಬೇಕು. ಆ ಬ್ರೆಡ್ಡಿಗೂ ಸರದಿ ಬರುತ್ತದೆ. ತಳದಲ್ಲಿ ಎರಡು ಚಮಚ ಉಳಿದಾಗ ಮೊಟ್ಟೆ ಒಡೆದು ಹಾಕಿ ಅಲ್ಲೇ ಕಲಕಿ ತಿಂದರೆ ಊಟ ಮುಗಿಯಿತು.

ಇಷ್ಟು ಉಪ್ಪು, ಇಷ್ಟು ಎಣ್ಣೆ, ಇಷ್ಟು ಬೆಳ್ಳುಳ್ಳಿಯ ಮುಂದೆ ಯಾವ ವೈನ್ ನಿಲ್ಲಬೇಕು? ಒಗರಿನ ವೈನ್ ಉಪ್ಪು ಮೀನಿಗೆ ತಾಗಿದರೆ ಬಾಯಲ್ಲಿ ಕಬ್ಬಿಣದ ರುಚಿ ಏಳುತ್ತದೆ. ಒಮ್ಮೆ ಕಚೇರಿಯ ಗೆಳೆಯರೊಬ್ಬರು ಪ್ರೀತಿಯಿಂದ ಬರೋಲೊ ತಂದಿದ್ದರು. ಸಿನ್ಯೋರಾ ಧನ್ಯವಾದ ಹೇಳಿ ಅದನ್ನು ಕಪಾಟಿನಲ್ಲಿಟ್ಟು, ಭಾನುವಾರದ ಮಾಂಸಕ್ಕೆ ಇರಲಿ ಎಂದರು. ಮೇಜಿಗೆ ಬಂದದ್ದು ಹೂಜಿಯ ಬಾರ್ಬೆರಾ. ಒಂದು ತುತ್ತು, ಒಂದು ಗುಟುಕು. ಎಣ್ಣೆಯ ಪದರ ಹರಿದು, ಬೆಳ್ಳುಳ್ಳಿಯ ಸಿಹಿ ಮೇಲಕ್ಕೆ ಬರುತ್ತದೆ; ವೈನಿನ ಹುಳಿ ಎಲ್ಲಿ ಹೋಯಿತೋ, ಬಾಯಲ್ಲಿ ಹುಳಿಚೆರಿಯಂಥ ಹಣ್ಣಿನ ರುಚಿ ಉಳಿಯುತ್ತದೆ. ಊಟ ವೈನನ್ನೂ ವೈನ್ ಊಟವನ್ನೂ ಬದಲಿಸುವುದು ಇಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಆ ತರಕಾರಿ ರಾಶಿಯಲ್ಲಿ ಒಂದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ, ನಿತ್ಸಾದ ಗೂನು ಕಾರ್ದೊ. ಆರ್ಟಿಚೋಕ್‌ನ ಸಂಬಂಧಿಯಾದ ಈ ಗಿಡದ ದಂಟು ಮಾತ್ರ ತಿನ್ನುವಂಥದ್ದು. ಅದನ್ನು ನೋಡಿದ್ದು ಸಿನ್ಯೋರಾ ಅವರ ತಮ್ಮನ ಹೊಲದಲ್ಲಿ. ಸೆಪ್ಟೆಂಬರಿನಲ್ಲಿ ಎತ್ತರಕ್ಕೆ ಬೆಳೆದ ಗಿಡವನ್ನು ಬಗ್ಗಿಸಿ ಮಣ್ಣು ಮುಚ್ಚುತ್ತಾರೆ. ಬೆಳಕಿಗಾಗಿ ಮೇಲೇಳಲು ತಿಣುಕುತ್ತಾ ದಂಟು ಗೂನಾಗುತ್ತದೆ. ಬಿಸಿಲಿಲ್ಲದೆ ಹಸಿರು ಕಳೆದುಕೊಂಡು ಬೆಳ್ಳಗೆ, ಕಹಿ ಹೋಗಿ ಮೆತ್ತಗೆ ಆಗುತ್ತದೆ. ಸುಮಾರು ಒಂದು ತಿಂಗಳಾದ ಮೇಲೆ ಅಗೆದು ತೆಗೆದು, ಹೊರಗಿನ ಹಾಳು ಎಲೆಗಳನ್ನೆಲ್ಲ ಕಿತ್ತರೆ ಉಳಿಯುವುದು ಒಂದು ಹಿಡಿ. ಹಸಿಯಾಗಿಯೇ ಕಚ್ಚಬೇಕು. ಇಷ್ಟು ಶ್ರಮದ ತರಕಾರಿಗೆ ಸಿಗುವ ಬೆಲೆ ನೋಡಿದರೆ ಅದನ್ನು ಇನ್ನೂ ಬೆಳೆಯುತ್ತಿರುವವರಿಗೆ ಕೈಮುಗಿಯಬೇಕು.

ತಮ್ಮನ ತೋಟ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಮಳೆ ಬಂದು ಹೋದ ಮರುದಿನ ಸಾಲುಗಳ ನಡುವೆ ನಡೆದರೆ ಬೂಟಿಗೆ ಚಿಪ್ಪುಗಳು ಸಿಗುತ್ತಿದ್ದವು, ಸಮುದ್ರದ ಚಿಪ್ಪುಗಳು. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಆಸ್ಟಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಆ ಗುಡ್ಡಗಳಲ್ಲಿ ಸಿಕ್ಕ ತಿಮಿಂಗಿಲದ ಎಲುಬುಗಳನ್ನೇ ಇಟ್ಟಿದ್ದಾರೆ. ಸಿನ್ಯೋರಾ ಅವರ ತಮ್ಮ ಮಾತ್ರ ಚಿಪ್ಪುಗಳಿಗಿಂತ ಎಲೆಗಳನ್ನೇ ಹೆಚ್ಚು ನೋಡುತ್ತಿದ್ದರು. ಒಂದು ಸಣ್ಣ ಜಿಗಿಹುಳ ಹರಡುವ ರೋಗ ಪಿಯೆಮೊಂತೆಯ ತೋಟಗಳನ್ನು ಹಿಡಿದಿತ್ತು, ಅದಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗುವುದು ಬಾರ್ಬೆರಾ. ಎಲೆಯ ಅಂಚು ಕೆಳಕ್ಕೆ ಸುರುಳಿ ಸುತ್ತಿ ಅಕಾಲದಲ್ಲಿ ಕೆಂಪಾಗುತ್ತದೆ, ಗೊಂಚಲು ಒಣಗುತ್ತದೆ. ಔಷಧಿ ಇಲ್ಲ, ಬಳ್ಳಿಯನ್ನು ಬೇರುಸಹಿತ ಕಿತ್ತು ಹಾಕಬೇಕು, ಕಾನೂನೂ ಅದನ್ನೇ ಹೇಳುತ್ತದೆ. ತಂದೆ ನೆಟ್ಟ ಬಳ್ಳಿಗೆ ಅವರು ಕೆಂಪು ಪಟ್ಟಿ ಕಟ್ಟಿ ಗುರುತು ಮಾಡುತ್ತಿದ್ದಾಗ ನಾನು ಪಟ್ಟಿಯ ಉಂಡೆ ಹಿಡಿದು ಹಿಂದೆ ನಡೆದೆ. ಅಂದು ಅವರು ಮಾತಾಡಿದ್ದು ಕಡಿಮೆ.

ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನ ಮನೆಯ ಅಂಗಳದಲ್ಲಿ ಉದ್ದನೆಯ ಮೇಜು. ಆಗ ಬರುತ್ತಿದ್ದದ್ದು ಅನ್ಯೊಲೊತ್ತಿ. ಹುರಿದ ಮಾಂಸವನ್ನು ನುಣ್ಣಗೆ ಕೊಚ್ಚಿ ತೆಳು ಹಿಟ್ಟಿನ ಹಾಳೆಯೊಳಗಿಟ್ಟು, ಎರಡು ಬೆರಳಲ್ಲಿ ಚಿವುಟಿ ಮುಚ್ಚಿದ ಉಗುರಿನಷ್ಟು ದೊಡ್ಡ ಪೊಟ್ಟಣಗಳು. ಪಟ್ಟಣದ ಹೋಟೆಲುಗಳಲ್ಲಿ ಅದಕ್ಕೆ ಮಾಂಸ ಹುರಿದ ರಸವನ್ನೋ ಬೆಣ್ಣೆ ಮತ್ತು ಸೇಜ್ ಎಲೆಯನ್ನೋ ಹಾಕಿ ಕೊಡುತ್ತಾರೆ. ತೋಟದ ಮನೆಯ ಹಿರಿಯರು ಮೊದಲ ಬಟ್ಟಲನ್ನು ಬೇರೆ ರೀತಿ ತಿನ್ನುತ್ತಿದ್ದರು: ಬಿಸಿ ಅನ್ಯೊಲೊತ್ತಿಯನ್ನು ಬಟ್ಟಲಿಗೆ ಹಾಕಿ, ಅದರ ಮೇಲೆ ಅರ್ಧ ಲೋಟ ಬಾರ್ಬೆರಾ ಸುರಿದು, ಚಮಚದಲ್ಲಿ ಎತ್ತಿ ತಿಂದು, ಕೊನೆಗೆ ಬಟ್ಟಲನ್ನೇ ತುಟಿಗಿಟ್ಟು ಕುಡಿಯುವುದು. ವೈನ್ ಬೆಚ್ಚಗಾಗಿ, ಮಾಂಸದ ಜಿಡ್ಡು ಅದರ ಮೇಲೆ ಸಣ್ಣ ಸಣ್ಣ ಹನಿಗಳಾಗಿ ಹೊಳೆಯುತ್ತಿರುತ್ತದೆ. ನನಗೂ ಹಾಗೇ ಬಡಿಸಿದರು. ಆ ತೋಟದ ಹಣ್ಣನ್ನು ಬೆಳಗ್ಗೆಯಿಂದ ಕತ್ತರಿಸಿ ಕೈಯೆಲ್ಲ ಅಂಟಾಗಿದ್ದಾಗ ಸಿಕ್ಕ ಆ ಬಟ್ಟಲಿಗೆ ಸಮನಾದ ಊಟ ನೆನಪಿಗೆ ಬರುವುದಿಲ್ಲ.

ಅದೇ ಮೇಜಿನಲ್ಲಿ 1986ರ ಮಾತು ಬಂದಿತ್ತು. ಆ ವರ್ಷ ವಸಂತದಲ್ಲಿ ಉತ್ತರ ಇಟಲಿಯಲ್ಲಿ ಅಗ್ಗದ ವೈನ್ ಕುಡಿದವರು ಸಾಯತೊಡಗಿದರು. ಮದ್ಯಸಾರ ಹೆಚ್ಚಿಸಲೆಂದು ಕೆಲವು ವ್ಯಾಪಾರಿಗಳು ಮೆಥನಾಲ್ ಬೆರೆಸಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಇನ್ನೂ ಕೆಲವರ ಕಣ್ಣು ಹೋಯಿತು. ಆ ಬಾಟಲಿಗಳಲ್ಲಿ ಬಾರ್ಬೆರಾ ಎಂಬ ಹೆಸರಿತ್ತು. ತಪ್ಪು ಮಾಡದ ಸಾವಿರಾರು ಬೆಳೆಗಾರರ ಬಾಗಿಲಿಗೆ ಆ ಹೆಸರು ಶಾಪವಾಗಿ ಬಂತು. ತಮ್ಮನ ಮನೆಯಿಂದ ವರ್ಷಾನುಗಟ್ಟಲೆ ಹೂಜಿ ಒಯ್ಯುತ್ತಿದ್ದವರೂ ಫೋನ್ ಮಾಡಿ ಈ ಸಲ ಬೇಡ ಎಂದರಂತೆ. ಸಿನ್ಯೋರಾ ಅವರ ಗಂಡ ಮಾತ್ರ ಕಾರ್ಖಾನೆಯ ಗೆಳೆಯರನ್ನು ಮನೆಗೆ ಕರೆದು, ಎಲ್ಲರೆದುರಿಗೆ ಮೊದಲ ಲೋಟ ತಾವು ಕುಡಿದು ತೋರಿಸಿದರು ಎಂದು ಹೇಳುವಾಗ ಸಿನ್ಯೋರಾ ಅವರ ದನಿ ಏರಿತ್ತು.

ಬಾರ್ಬೆರಾದ ಮರ್ಯಾದೆಯನ್ನು ಎತ್ತಿದವರಲ್ಲಿ ಮೊದಲಿಗರು ರೊಕ್ಕೆತ್ತಾ ತಾನಾರೊ ಎಂಬ ಹಳ್ಳಿಯ ಜಾಕೊಮೊ ಬೊಲೊನ್ಯಾ. ಬಡವರ ವೈನೆಂದು ಕಡೆಗಣಿಸಿದ್ದ ದ್ರಾಕ್ಷಿಯನ್ನು 1982ರ ಬೆಳೆಯಲ್ಲಿ ಅವರು ಫ್ರಾನ್ಸಿನ ರೀತಿಯ ಸಣ್ಣ ಓಕ್ ಪೀಪಾಯಿಯಲ್ಲಿ ಮಾಗಿಸಿ, ಬ್ರಿಕ್ಕೊ ದೆಲ್ ಉಚ್ಚೆಲ್ಲೋನೆ ಎಂಬ ಹೆಸರಲ್ಲಿ ಹೊರತಂದರು. ದ್ರಾಕ್ಷಿಯಲ್ಲಿಲ್ಲದ ಒಗರನ್ನು ಮರ ಕೊಟ್ಟಿತು, ಹುಳಿಯ ಮೂಲೆಗಳು ದುಂಡಗಾದವು. ಲೋಕ ತಿರುಗಿ ನೋಡಿತು. 2008ರಲ್ಲಿ ಆಸ್ಟಿಯ ಬಾರ್ಬೆರಾಕ್ಕೆ ಇಟಲಿಯ ಅತ್ಯುನ್ನತ ದರ್ಜೆ ಸಿಕ್ಕಿತು, ನಾನು ಆಗ ಅಲ್ಲೇ ಇದ್ದೆ. 2014ರಲ್ಲಿ ನಿತ್ಸಾ ತನ್ನದೇ ಹೆಸರಿನ ದರ್ಜೆ ಪಡೆಯಿತು; ಅದಕ್ಕೆ ಬರೀ ಬಾರ್ಬೆರಾ ಮಾತ್ರ ಬಳಸಬೇಕು, ಮರದಲ್ಲಿ ಮಾಗಿಸಬೇಕು. ಅದೇ ವರ್ಷ ಯುನೆಸ್ಕೊ ಈ ತೋಟಗಳ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳೆಗಾರನಿಗೆ ಒಳ್ಳೆಯ ಬೆಲೆ ಬಂದದ್ದು ಸಂತೋಷದ ಮಾತು, ಬೊಲೊನ್ಯಾ ಅವರ ಋಣ ಆ ಗುಡ್ಡಗಳ ಮೇಲೆ ದೊಡ್ಡದು. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಓಕ್‌ನಲ್ಲಿ ಮಾಗಿದ ಬಾರ್ಬೆರಾ ಗಂಭೀರವಾಗಿರುತ್ತದೆ, ನಿಧಾನವಾಗಿ ಬೆಂದ ದನದ ಮಾಂಸಕ್ಕೆ, ಹಳೆಯ ಗಿಣ್ಣಿಗೆ ಒಪ್ಪುತ್ತದೆ. ಬಾನ್ಯಾ ಕೌಡಾಕ್ಕೆ, ಅನ್ಯೊಲೊತ್ತಿಗೆ ನನಗೆ ಬೇಕಾದದ್ದು ಮರದ ಸೋಂಕಿಲ್ಲದ, ಒಂದೆರಡು ವರ್ಷದ ಸಾದಾ ಬಾರ್ಬೆರಾ. ಅದರ ಹುಳಿಯನ್ನು ಮೆತ್ತಗೆ ಮಾಡಿದರೆ ಊಟದ ಜೊತೆ ಅದು ಮಾಡಬೇಕಾದ ಕೆಲಸಕ್ಕೇ ಪೆಟ್ಟು.

ಸಾದಾ ಬಾರ್ಬೆರಾಕ್ಕೆ ಒಪ್ಪುವ ಊಟಗಳು ಇನ್ನೂ ಇವೆ. ವೆರ್ಚೆಲ್ಲಿಯ ಗದ್ದೆಬಯಲಿನ ಪಾನಿಸ್ಸಾ ನನ್ನಂಥ ಅನ್ನದ ಮನುಷ್ಯನಿಗೆ ಹೇಳಿಮಾಡಿಸಿದ್ದು: ಅಕ್ಕಿ, ಹುರುಳಿಕಾಯಿ ಜಾತಿಯ ಕೆಂಪು ಕಾಳು, ಕೊಬ್ಬಿನಲ್ಲಿ ಮುಳುಗಿಸಿ ಮಣ್ಣಿನ ಮಡಕೆಯಲ್ಲಿ ಕಾಪಿಟ್ಟ ಸಲಾಮಿ, ಅಕ್ಕಿ ಹುರಿಯುವಾಗಲೇ ಬಾರ್ಬೆರಾ ಬೀಳುತ್ತದೆ, ಉಳಿದದ್ದು ಲೋಟಕ್ಕೆ. ಬೇಯಿಸಿದ ಮಾಂಸಗಳ ದೊಡ್ಡ ತಟ್ಟೆ ಮತ್ತು ಅದರ ಪಕ್ಕದ ಹಸಿರು ಚಟ್ನಿ. ರೊಕ್ಕಾವೆರಾನೊದ ಮೇಕೆ ಹಾಲಿನ ಮೆತ್ತನೆಯ ಗಿಣ್ಣು. ಸಿಹಿತಿಂಡಿಗೆ ಮಾತ್ರ ಬಾರ್ಬೆರಾ ಬೇಡ, ಸಕ್ಕರೆಯ ಎದುರು ಅದು ಬರೀ ಹುಳಿನೀರಾಗುತ್ತದೆ.

ಊರಿಗೆ ಬಂದ ಮೇಲೆ ಒಂದು ಮಳೆಗಾಲದಲ್ಲಿ, ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದ ಬಾಟಲಿಯನ್ನು ಪಂದಿ ಕರಿ, ಕಡಂಬುಟ್ಟಿನ ಜೊತೆ ತೆರೆದೆ. ಹೊಂದಿತು, ಒಂದು ಷರತ್ತಿನ ಮೇಲೆ. ಖಾರ ಮೆಣಸಿನಕಾಯಿಯದಾದರೆ ವೈನಿನ ಮದ್ಯಸಾರ ಅದನ್ನು ಇನ್ನಷ್ಟು ಉರಿಸುತ್ತದೆ. ನಮ್ಮ ಮನೆಯಲ್ಲಿ ಮಾಡುವಂತೆ ಕರಿಮೆಣಸು ಮುಂದಿದ್ದು ಮೆಣಸಿನಕಾಯಿ ಹಿಂದಿದ್ದರೆ ತೊಂದರೆಯಿಲ್ಲ. ಕಾಚಂಪುಳಿಯ ಹುಳಿ ಇದ್ದಲ್ಲಿ ಹುಳಿಯಿಲ್ಲದ ವೈನ್ ಸಪ್ಪೆಯಾಗಿಬಿಡುತ್ತದೆ, ಬಾರ್ಬೆರಾ ಆಗಲಿಲ್ಲ. ಅಮ್ಮ ಒಂದು ಗುಟುಕು ಕುಡಿದು, ಮನೆಯ ದ್ರಾಕ್ಷಿ ವೈನಿನಷ್ಟು ಸಿಹಿ ಇಲ್ಲವಲ್ಲ ಎಂದರು. ಎರಡು ತುತ್ತು ತಿಂದ ಮೇಲೆ ಇನ್ನಷ್ಟು ಹಾಕು ಎಂದರು. ಸೆಖೆಯ ದಿನವಾದರೆ ಬಡಿಸುವ ಮೊದಲು ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿಯಾದ ಬಾರ್ಬೆರಾದಲ್ಲಿ ಮದ್ಯಸಾರದ ಘಾಟು ಮಾತ್ರ ಮೂಗಿಗೆ ಬರುತ್ತದೆ.

ಸಿನ್ಯೋರಾ ಈಗಿಲ್ಲ. ಅವರ ತಮ್ಮನಿಗೆ ವಯಸ್ಸಾಗಿದೆ, ತೋಟ ಮಗಳ ಕೈಯಲ್ಲಿದೆ. ರೋಗಕ್ಕೆ ಕಿತ್ತ ಸಾಲುಗಳಲ್ಲಿ ಹೇಜಲ್‌ನಟ್ ನೆಡಿ ಎಂದು ಅಕ್ಕಪಕ್ಕದವರೆಲ್ಲ ಹೇಳಿದರಂತೆ. ಚಾಕೊಲೇಟ್ ಕಾರ್ಖಾನೆಗಳಿಂದಾಗಿ ಅದಕ್ಕೆ ಬೇಡಿಕೆ ಇದೆ, ದುಡಿಮೆಯೂ ಕಡಿಮೆ, ಆ ಗುಡ್ಡಗಳಲ್ಲಿ ಎಷ್ಟೋ ದ್ರಾಕ್ಷಿ ತೋಟಗಳು ಹಾಗೆ ಬದಲಾಗಿವೆ. ಅಪ್ಪ ಮಗಳು ಕೂತು ಲೆಕ್ಕ ಹಾಕಿ ಮತ್ತೆ ಬಾರ್ಬೆರಾವನ್ನೇ ನೆಟ್ಟಿದ್ದಾರೆ. ಹೊಸ ಬಳ್ಳಿ ಫಸಲು ಕೊಡಲು ಮೂರು ವರ್ಷ ಬೇಕು. ಆ ವೈನನ್ನು ಓಕ್ ಪೀಪಾಯಿಗೆ ಹಾಕುವುದಿಲ್ಲ, ಹೂಜಿಗೇ ತುಂಬುವುದು ಎಂದು ಈಗಲೇ ತೀರ್ಮಾನವಾಗಿದೆಯಂತೆ.